ಹೆಸರಿಡುವ ಮನೆಗೆ ಹೋದ ಡಬ್ಬಿಗಳು

ನನ್ನ ಸೋದರಮಾವ ಇಶೂ ಬರಿಗೈಯಲ್ಲಿ ಯಾರ ಹೊಸ್ತಿಲನ್ನೂ ದಾಟಿದವನಲ್ಲ. ನಾನು ಹೊರಗಿನವರನ್ನು ನಮ್ಮ ಘಟ್ಟಗಳಲ್ಲಿ ನಡೆಸಿಕೊಂಡು ಹೋಗುವ ಗೈಡ್. ಅವನು ಹೇಸರಗತ್ತೆಗಳ ಯಜಮಾನ. ಹೊರೆ ಕಟ್ಟುವುದು, ಇಳಿಸುವುದು ಎಲ್ಲ ಅವನದು. ಕೆಲಸದಲ್ಲಿ ನಾನು ಅವನಿಗೆ ದೊಡ್ಡವನು, ಸಂಬಂಧದಲ್ಲಿ ಅವನು ನನಗೆ ದೊಡ್ಡವನು. ಹೀಗಾಗಿ ಅವನು ಎಡವಟ್ಟು ಮಾಡಿದಾಗ ಬೈಯುವ ಹಕ್ಕು ನನಗಿದೆ, ಬೈಯಲು ಬಾಯಿ ಬರುವುದಿಲ್ಲ. ಅವನಿಗೂ ಅದು ಗೊತ್ತು. ಆ ವಸಂತದಲ್ಲಿ ಅವನು ಮಾಡಿದ್ದನ್ನು ನೆನೆದರೆ ಈಗ ನಗು ಬರುತ್ತದೆ. ಅಂದು ಬಂದದ್ದು ನಗುವಲ್ಲ.

ಕಾಸಾಬ್ಲಾಂಕಾದಿಂದ ಗಂಡ ಹೆಂಡತಿ ಬಂದಿದ್ದರು. ಗಂಡ ಝುಹೈರ್ ಔಷಧಿ ಅಂಗಡಿಯವನು, ಹೆಂಡತಿ ಬಹೀಜಾ ಶಾಲೆಯಲ್ಲಿ ಗಣಿತ ಕಲಿಸುವವಳು. ಮದುವೆಗೆ ಮೊದಲಿನಿಂದಲೂ ಇಬ್ಬರಿಗೂ ಬೆಟ್ಟದ ಹುಚ್ಚು. ಈ ಸಲ ಜೊತೆಗೆ ಮಗು ಇತ್ತು. ಹೆಸರು ರೀಮ್, ಆಗಷ್ಟೇ ನಾಲ್ಕು ತಿಂಗಳು ತುಂಬಿತ್ತು. ಫೋನಿನಲ್ಲಿ ಮಾತಾಡುವಾಗಲೇ ನಾನು ಕೇಳಿದ್ದೆ.

"ಇಷ್ಟು ಚಿಕ್ಕ ಮಗೂನ ಘಟ್ಟ ಹತ್ತಿಸ್ತೀರಾ?"

"ಯಾಕೆ, ನಿಮ್ಮೂರಲ್ಲಿ ಮಕ್ಕಳು ಬಯಲಿಗೆ ಇಳಿದು ಬಂದು ಹುಟ್ತಾವಾ?" ಅಂದಿದ್ದಳು ಬಹೀಜಾ.  ನಾನೇ ಹುಟ್ಟಿದ್ದು ಬೇಸಿಗೆಯ ಹುಲ್ಲುಗಾವಲಿನ ಡೇರೆಯಲ್ಲಿ.

ಮಗುವಿಗೆ ಡಬ್ಬಿ ಹಾಲು. ತಾಯಿಗೆ ಮೊದಲ ವಾರದಲ್ಲೇ ಎದೆಹಾಲು ಬತ್ತಿತ್ತಂತೆ. ಇದನ್ನು ಝುಹೈರ್ ನನಗೆ ದಾರಿಯಲ್ಲಿ ಮೆಲ್ಲಗೆ ಹೇಳಿದ, ಹೆಂಡತಿ ಮುಂದೆ ಹೋದ ಮೇಲೆ. ಹೇಳಬೇಕಾದ್ದು ಇಷ್ಟೇ ಎನ್ನುವ ಹಾಗೆ ಆಮೇಲೆ ಬಾಟಲಿ ಕುದಿಸುವ ಬಗ್ಗೆ, ನೀರು ಸೋಸುವ ಬಗ್ಗೆ ಉದ್ದಕ್ಕೆ ಕೊರೆದ. ಸೀಲು ಒಡೆಯದ ಎರಡು ದೊಡ್ಡ ಡಬ್ಬಿಗಳನ್ನು ಅವನೇ ನನ್ನ ಕಣ್ಣೆದುರು ಹೊರೆಗೆ ಹಾಕಿಸಿದ. ಒಡೆದದ್ದು ಇನ್ನೊಂದು, ಅವನ ಬೆನ್ನಚೀಲದಲ್ಲಿತ್ತು.

ಮೂರನೆಯ ದಿನ ನಾವು ತಿಗೂಲಾ ಊರಿನ ಒಂದು ಮನೆಯಲ್ಲಿ ತಂಗಿದೆವು. ಅಂದು ಆ ಮನೆಯಲ್ಲಿ ಕೂಸಿಗೆ ಏಳನೆಯ ದಿನ, ಹೆಸರಿಡುವ ಊಟ. ಟಗರು ಕಡಿದಿದ್ದರು. ಊರೇ ಸೇರಿತ್ತು. ಬಾರ್ಲಿ ರೊಟ್ಟಿ, ಮಾಂಸ, ಆಮೇಲೆ ಲೋಟದ ತುಂಬ ಹಾಲು ಹಾಕಿದ ಕಾಫಿ. ಆ ಕಾಫಿ ಬಹಳ ಚೆನ್ನಾಗಿತ್ತು. ಗಟ್ಟಿಯಾಗಿ, ಸಿಹಿಯಾಗಿ. ನಾನು ಒಂದು ಲೋಟ ಕುಡಿದೆ. ಝುಹೈರ್ ಎರಡು ಕುಡಿದು, "ಪಟ್ಟಣದಲ್ಲಿ ಇಂಥ ಹಾಲು ಸಿಗೋದೇ ಇಲ್ಲ ನೋಡಿ," ಅಂದ. ಮನೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಇಶೂ ಮಾವ ಗೋಡೆಗೆ ಒರಗಿ, ತನ್ನ ಮಗಳ ಮದುವೆಯೇನೋ ಎಂಬಷ್ಟು ಹಿಗ್ಗಿ ಕೂತಿದ್ದ.

ಮರುದಿನ ಘಟ್ಟ ದಾಟುವಾಗ ಆಲಿಕಲ್ಲು ಬಿತ್ತು. ಇಳಿಜಾರಿನಲ್ಲಿ ಹೇಸರಗತ್ತೆಗಳ ಕಾಲು ನಿಲ್ಲಲಿಲ್ಲ. ಬೆನ್ನಚೀಲದ ಡಬ್ಬಿಯ ತಳ ಕೆರೆದು ಬೆಳಗ್ಗೆ ಕಲಸಿದ ಬಾಟಲಿಯನ್ನು ರೀಮ್ ಘಟ್ಟದ ನೆತ್ತಿಯಲ್ಲೇ ಖಾಲಿ ಮಾಡಿದ್ದಳು. ಅಸಾಕಾ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಜಾರಿತ್ತು, ನಮ್ಮ ಬೆನ್ನ ಹಿಂದೆ ಹಳ್ಳ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಅಸಾಕಾ ಅಂದರೆ ಬಂಡೆಗೆ ಅಂಟಿಕೊಂಡ ಐದು ಮನೆ, ಒಂದಿಷ್ಟು ಅಕ್ರೋಟು ಮರ. ಫೋನು ಹತ್ತುವುದಿಲ್ಲ. ಸಂತೆಯೂರಿಗೆ ಅಲ್ಲಿಂದ ಪೂರಾ ಒಂದು ದಿನದ ನಡಿಗೆ.

"ಡಬ್ಬಿ ತೆಗೀರಿ, ಮಗು ಹಸಿದಿದೆ," ಅಂದ ಝುಹೈರ್.

ಮಾವ ಹೊರೆ ಬಿಚ್ಚತೊಡಗಿದ. ಡೇರೆ ಬಂತು, ಒಲೆ ಬಂತು, ಆಲೂಗಡ್ಡೆ ಬಂತು. ಡಬ್ಬಿ ಬರಲಿಲ್ಲ.

"ಹಾಲಿನ ಡಬ್ಬಿ ಎಲ್ಲಿ ಮಾವ?" ಅಂದೆ. "ಎರಡು ದೊಡ್ಡ ಡಬ್ಬಿ ಇದ್ದವಲ್ಲ, ಮೇಲೆ ಮಗುವಿನ ಚಿತ್ರ ಇರೋದು."

ಮಾವ ನನ್ನ ಮುಖ ನೋಡಿದ. "ಅವು ಹೆಸರಿಡೋ ಮನೆಗೆ ತಂದಿದ್ದಲ್ವೇನೋ?"

"ಯಾವ ಮನೆಗೆ?"

"ನಿನ್ನೆ ಮನೆಗೆ. ಹೆಸರಿಡೋ ಊಟಕ್ಕೆ ಬರಿಗೈಲಿ ಹೋಗೋಕಾಗತ್ತಾ? ಕೊಡೋಕೆ ಅಂತ ಸಕ್ಕರೆ ಅಚ್ಚು ತೆಗೆದೆ, ಪಕ್ಕದಲ್ಲೇ ಇದ್ವು. ಮೇಲೆ ಕೂಸಿನ ಚಿತ್ರ. ಪಟ್ಟಣದವರು ಎಷ್ಟು ಮುಂಚೆಯಿಂದ ಯೋಚನೆ ಮಾಡಿ ತಂದಿದ್ದಾರೆ ಅಂದ್ಕೊಂಡೆ. ಒಂದೇ ಕೊಟ್ರೆ ಚೆನ್ನಾಗಿರಲ್ಲ ಅಂತ ಜೋಡಿ ಕೊಟ್ಟೆ."

 "ಅವರು ಅದನ್ನ ಎತ್ತಿಟ್ಟುಕೊಂಡಿರ್ತಾರಲ್ಲ?"

"ಎತ್ತಿಡೋದೇನು ಬಂತು, ಅಲ್ಲೇ ಒಡೆದು ದೊಡ್ಡ ಪಾತ್ರೆಗೆ ಸುರಿದ್ರು. ನೀನೂ ಕುಡಿದ್ಯಲ್ಲ, ಚೆನ್ನಾಗಿದೆ ಅಂದ್ಯಲ್ಲ."

ಇದನ್ನು ನಾನು ಅರಬ್ಬಿಯಲ್ಲಿ ಆ ಗಂಡಹೆಂಡತಿಗೆ ಹೇಳಬೇಕಾಯಿತು. ಮೂವತ್ತು ಜನರ ಜೊತೆ ಸೇರಿ ನಿಮ್ಮ ಮಗಳ ಹಾಲನ್ನು ನೀವೇ ಎರಡು ಲೋಟ ಕುಡಿದಿರಿ ಅಂತ ಒಬ್ಬ ತಂದೆಗೆ ಹೇಗೆ ಹೇಳುವುದು? ಹೇಳಿದೆ. ಝುಹೈರ್ ಕೂಗಾಡುತ್ತಾನೆ ಅಂದುಕೊಂಡಿದ್ದೆ. ಅವನು ಕಲ್ಲಿನ ಮೇಲೆ ಕುಸಿದು ಕೂತ. ಬಹೀಜಾ ಮಾತ್ರ ಮಗುವನ್ನು ಎದೆಗೆ ಒತ್ತಿಕೊಂಡು, "ಈಗ ಏನು ಮಾಡೋದು, ಅದನ್ನ ಹೇಳಿ," ಅಂದಳು.

ನಾನು ಮೇಕೆ ಹಾಲು ತಂದೆ. ಝುಹೈರ್ ಬೇಡ ಬೇಡ ಅನ್ನುತ್ತಲೇ ಕುದಿಸಿ, ನೀರು ಬೆರೆಸಿ, ತಣಿಸಿ ಕೊಟ್ಟ. ಮಗು ನಾಲ್ಕು ಗುಟುಕು ಕುಡಿದು ಎಲ್ಲವನ್ನೂ ಕಕ್ಕಿತು. ಇನ್ನೊಮ್ಮೆ ಕೊಟ್ಟರೆ ಇನ್ನೊಮ್ಮೆ ಕಕ್ಕಿತು. ಅಳು ಮೊದಲು ಜೋರಾಗಿತ್ತು, ಆಮೇಲೆ ಸಣ್ಣದಾಯಿತು.  ಹಿಂದೆ ಹೋಗೋಣವೆಂದರೆ ಹಳ್ಳ ಬಿಡುವುದಿಲ್ಲ, ಮುಂದೆ ಹೋಗೋಣವೆಂದರೆ ದಾರಿಯಲ್ಲೇ ಕತ್ತಲಾಗುತ್ತದೆ. ಅತ್ತ ದರಿ, ಇತ್ತ ಪುಲಿ.

ಆಗ ಮೇಲಿನ ಮನೆಯ ಯಾಮ್ನಾ ಅಜ್ಜಿ ಕೋಲೂರಿಕೊಂಡು ಇಳಿದು ಬಂದಳು. ಅಸಾಕಾದಲ್ಲಿ ಅವಳ ಮಾತೇ ಕೊನೆ. ಅವಳ ಬಾಯಿಗೆ ಹೆದರಿ ತೋಳವೂ ಆ ಊರಿನ ಕುರಿ ಮುಟ್ಟುವುದಿಲ್ಲ ಅನ್ನುತ್ತಾರೆ. ಅವಳ ಸೊಸೆ ತೂಡಾಗೆ ಝಾಯಿದ್ ಅನ್ನುವ ಎರಡು ತಿಂಗಳ ಗಂಡುಕೂಸಿದೆ ಅನ್ನುವುದು ನನಗೆ ಗೊತ್ತಿತ್ತು. ನನಗೆ ಗೊತ್ತಿದ್ದ ಒಂದೇ ದಾರಿ ಅದು. ಕೇಳಲು ಬಾಯಿ ಬಂದಿರಲಿಲ್ಲ.

"ಏನೋ ಸೆಕ್ಕೂ, ಆಗಿನಿಂದ ಕೂಸು ಅಳ್ತಾ ಇದೆ, ನೀವು ಮೂರು ಗಂಡಸರು ಆಲೂಗಡ್ಡೆ ಕಾಯ್ತಾ ನಿಂತಿದೀರಾ?" ಅಂತ ನನ್ನನ್ನು ಕೇಳಿದಳು. ಮಾವ ನಡೆದದ್ದನ್ನೆಲ್ಲ ಹೇಳಿದ. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತ. ಅವಳು ಅವನನ್ನು ಬೈಯಲಿಲ್ಲ. "ಹೆಸರಿಡೋ ಮನೆಗೆ ಕೊಟ್ಟಿದ್ದು ಸರಿನೇ," ಅಂದಳು. ಆಮೇಲೆ ಬಹೀಜಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವಳಿಗೇನಾಗಿದೆ? ಎದೆ ಇಲ್ವಾ?" ಅಂದಳು.

"ಏನಂತಾರೆ?" ಅಂದಳು ಬಹೀಜಾ. ಅವಳಿಗೆ ನಮ್ಮ ಭಾಷೆ ಬರುವುದಿಲ್ಲ.

"ನೀವು ಆರಾಮಾಗಿದೀರಾ ಅಂತ ಕೇಳ್ತಿದಾರೆ, ಲಲ್ಲಾ," ಅಂದೆ, ಮರ್ಯಾದೆಯಿಂದ.

"ಸುಳ್ಳು. ಅವರು ನನ್ನ ಎದೆ ನೋಡಿ ಕೇಳಿದ್ರು." ಅವಳ ಕಣ್ಣು ತುಂಬಿತ್ತು, ದನಿ ನಡುಗಲಿಲ್ಲ. "ಹಾಲಿಲ್ಲ ಅಂತ ಹೇಳಿ. ಮೊದಲ ವಾರದಲ್ಲೇ ಬತ್ತಿತು ಅಂತ ಹೇಳಿ. ಅವರ ಮನೇಲಿ ಯಾರಿಗಾದ್ರೂ ಇದ್ದರೆ ಕಾಲು ಹಿಡೀತೀನಿ ಅಂತ ಹೇಳಿ."

ಅದನ್ನು ನಾನು ಇದ್ದ ಹಾಗೇ ಹೇಳಿದೆ. 

"ಕೊಡೋದು ದೊಡ್ಡದಲ್ಲ," ಅಂದಳು ಯಾಮ್ನಾ. "ಕೊಟ್ಟ ಮೇಲೆ ಇದು ನಮ್ಮ ಮಗು. ನಮ್ಮ ಝಾಯಿದ್‌ಗೆ ಒಂದೇ ಎದೆಹಾಲಿನ ತಂಗಿಯೋ ಅಕ್ಕನೋ ಆಗ್ತಾಳೆ. ನಾಳೆ ಮೊಮ್ಮಕ್ಕಳ ಕಾಲಕ್ಕೆ ಯಾರು ಯಾರನ್ನ ಮದುವೆ ಆಗ್ಬಾರ್ದು ಅಂತ ಗೊತ್ತಿರ್ಬೇಕು. ಕಾಸಾಬ್ಲಾಂಕಾ ಅಂದ್ರೆ ಜನದ ಸಮುದ್ರವಂತೆ. ಅಲ್ಲಿ ನಮ್ಮ ಹುಡುಗಿಯನ್ನ ಎಲ್ಲಿ ಅಂತ ಹುಡುಕಲಿ? ಮೊದಲು ಹೆಸರು ಹೇಳಲಿ. ಅಪ್ಪ, ಅಜ್ಜ, ಮುತ್ತಜ್ಜ, ತಾಯಿ ಕಡೆ ಎಲ್ಲಾ. ಸಾಕ್ಷಿ ಬೇಕು. ಆಮೇಲೆ ನನ್ನ ಮಗ ಹೂಂ ಅನ್ಬೇಕು, ಹಾಲು ಅವನ ಮನೇದು."

ಅವಳ ಮಗ ಮೀಮೂನ್ ಕುರಿಯ ಜೊತೆ ಮೇಲಿನ ಹುಲ್ಲುಗಾವಲಲ್ಲಿದ್ದ, ಎದುರು ಬೆಟ್ಟದ ಆಚೆ ಮಗ್ಗುಲಲ್ಲಿ. ಹೋಗಿ ಬರಲು ರಾತ್ರಿಯಾಗುತ್ತದೆ. ಝುಹೈರ್‌ಗೆ ಇದನ್ನು ತಿಳಿಸಿದಾಗ ಅವನು ಮೊದಲ ಸಲ ಸಿಟ್ಟಾದ. "ಮಗು ಸಾಯ್ತಿದೆ, ಇವರು ವಂಶಾವಳಿ ಕೇಳ್ತಿದಾರಾ?"

"ಹೇಳು," ಅಂದಳು ಬಹೀಜಾ. "ಕೇಳೋದ್ರಲ್ಲಿ ತಪ್ಪೇನಿದೆ? ನನ್ನ ಮಗಳನ್ನ ತಮ್ಮವಳು ಅಂತಿದಾರೆ. ಹೇಳು."

ಅವನು ಅಂಗಳದಲ್ಲಿ ನಿಂತು ಹೆಸರು ಹೇಳಿದ. ಐದು ಮನೆಯವರೂ ಬಂದು ಕೇಳಿಸಿಕೊಂಡರು. ಮುತ್ತಜ್ಜನ ಹೆಸರಿಗೆ ಬಂದಾಗ ತಡವರಿಸಿದ, ಮರೆತಿದ್ದ. ಬಹೀಜಾ ಅದನ್ನೂ ಹೇಳಿಕೊಟ್ಟಳು, ಗಂಡನ ಮುತ್ತಜ್ಜ ಹೆಂಡತಿಗೆ ನೆನಪಿದ್ದ. ಅದು ಯಾಮ್ನಾಗೆ ಹಿಡಿಸಿತು ಅನ್ನುವುದು ಅವಳ ಮೂತಿ ನೋಡಿದರೆ ಗೊತ್ತಾಗುತ್ತಿತ್ತು. ನಂತರ ಅವಳು ಮನೆಯ ಮಾಳಿಗೆ ಹತ್ತಿದಳು. ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕಣಿವೆಗೆ ಕೂಗು ಹಾಕಿದಳು.

ನಮ್ಮಲ್ಲಿ ಇದೇ ಫೋನು. ಕೆಳಗಡೆ ಸೌದೆ ಆರಿಸುತ್ತಿದ್ದ ಹೆಂಗಸು ಅದನ್ನು ಹಿಡಿದು ಎದುರು ಬೆಟ್ಟಕ್ಕೆ ದಾಟಿಸಿದಳು. ಅಲ್ಲಿಂದ ಯಾರೋ ಕಾಣದ ಗಂಡಸಿನ ದನಿ ಅದನ್ನು ಆಚೆಗೆ ಒಯ್ದಿತು. ಪಟ್ಟಣದ ಕೂಸು, ಹಾಲಿಲ್ಲ, ತೂಡಾ ಕೊಡಬಹುದಾ? ಇಡೀ ಕಣಿವೆಗೆ ನಮ್ಮ ಎಡವಟ್ಟು ಗೊತ್ತಾಯಿತು. ಇಶೂ ಮಾವ ಜೆಲ್ಲಾಬಾ ನಿಲುವಂಗಿಯ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡ.

ಆಮೇಲೆ ಸದ್ದಿಲ್ಲ. ರೀಮ್ ಅಳುವುದನ್ನೂ ನಿಲ್ಲಿಸಿದ್ದಳು. ಕಣ್ಣು ಅರ್ಧ ಮುಚ್ಚಿತ್ತು.  ಕೊನೆಗೆ ಬೆಟ್ಟದಿಂದ ಉತ್ತರ ಬಂತು, ದನಿಯಿಂದ ದನಿಗೆ ದಾಟಿ, ಸೌದೆ ಹೆಂಗಸಿನ ಬಾಯಲ್ಲಿ.

"ಕೇಳೋದೇನಿದೆ, ಕೊಡ್ರಂತೆ. ಉಪ್ಪು ಮುಗಿದಿದೆ, ಉಪ್ಪು ಕಳಿಸ್ಬೇಕಂತೆ."

ತೂಡಾ ಬಾಗಿಲಲ್ಲೇ ನಿಂತಿದ್ದಳು. ಕೃಶವಾದ ಹುಡುಗಿ, ಇಪ್ಪತ್ತರ ಆಸುಪಾಸು, ಕಣ್ಣ ಕೆಳಗೆ ಕಪ್ಪು. ಅತ್ತೆಯ ಅಪ್ಪಣೆಗಾಗಲಿ ಗಂಡನ ಉಪ್ಪಿಗಾಗಲಿ ಕಾದವಳಂತೆ ಕಾಣಲಿಲ್ಲ. ಕೈ ತೊಳೆದು, ಒರೆಸಿಕೊಂಡು, ಸಿದ್ಧವಾಗಿ ನಿಂತಿದ್ದಳು. ಬಹೀಜಾಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚಿತು.

ಗಂಡಸರು ಹೊರಗೆ ಗೋಡೆಗೆ ಒರಗಿ ಕೂತೆವು. ಒಳಗಿನಿಂದ ಮತ್ತೆ ಅಳು ಕೇಳಿತು, ಸಿಟ್ಟಿನ ಅಳು. ಮಗು ಮೊಲೆ ಬಾಯಿಗಿಟ್ಟರೆ ಮುಖ ತಿರುಗಿಸುತ್ತಿದೆ ಅಂತ ಯಾರೋ ಹೇಳಿದ್ದು ಕೇಳಿಸಿತು. ರಬ್ಬರಿನ ಬಾಯಿಗೆ ಒಗ್ಗಿದ ಮಗು. ಝುಹೈರ್ ಎದ್ದ, ಕೂತ, ಮತ್ತೆ ಎದ್ದ. "ಚಮಚದಲ್ಲಿ ಕೊಡ್ಲಿ, ಹಿಂಡಿ ಚಮಚದಲ್ಲಿ ಕೊಡ್ಲಿ ಅಂತ ಹೇಳಿ ಸೆಕ್ಕೂ," ಅಂದ. ನಾನು ಬಾಗಿಲ ಸಂದಿಯಿಂದ ಹೇಳಿದೆ.

"ಗಂಡಸರು ಬಾಯಿ ಮುಚ್ಕೊಂಡು ಕೂತ್ಕೊಳ್ಳಿ," ಅಂತ ಉತ್ತರ ಬಂತು.

ಇಶೂ ಮಾವ ಝುಹೈರ್‌ನ ಪಕ್ಕಕ್ಕೆ ಸರಿದು ಕೂತ. ಅವನಿಗೆ ಬರುವ ಅರಬ್ಬಿ ಸಂತೆಯ ಅರಬ್ಬಿ, ಬೆಲೆ ಕೇಳುವುದಕ್ಕೆ ಸಾಕಾಗುವಷ್ಟು. ಅದರಲ್ಲೇ ಅಂದ: "ಮಗಾ, ಈ ಹೇಸರಗತ್ತೆ ತಗೋ. ಎರಡೂ ತಗೋ. ಬೇರೆ ಏನೂ ನನ್ನ ಹತ್ರ ಇಲ್ಲ." ಝುಹೈರ್ ಅವನ ಕೈ ಹಿಡಿದುಕೊಂಡ. "ನಾನೂ ಕುಡಿದೆ ಕಾಕಾ," ಅಂದ. "ಎರಡು ಲೋಟ ಕುಡಿದೆ."  ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಗ ಒಳಗೆ ಅಳು ನಿಂತಿತು.

ಝುಹೈರ್ ಎದ್ದು ಬಾಗಿಲ ಕಡೆ ಧಾವಿಸಿದ.  ಬಾಗಿಲು ತೆರೆಯಿತು, ಯಾಮ್ನಾ ಹೊರಗೆ ಬಂದಳು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಕುಡೀತಿದೆ," ಅಂದಳು. "ಅವರಮ್ಮನ ಕೆಂಪು ಅಂಗೀನ ತೂಡಾ ಹಾಕ್ಕೊಂಡ್ಲು. ವಾಸನೆ ಹಿಡಿದು ಬಾಯಿ ಹಾಕ್ತು. ಈಗ ಬಿಡ್ತಾ ಇಲ್ಲ, ಕಳ್ಳಿ."

ಹೋದ ಜೀವ ಬಂದಂತಾಯಿತು. ಝುಹೈರ್ ಗೋಡೆಗೆ ಹಣೆ ಒತ್ತಿ ಅತ್ತ, ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ. ನಾನು ಮುಖ ತಿರುಗಿಸಿಕೊಂಡು ಹೇಸರಗತ್ತೆಗಳಿಗೆ ನೀರು ಕುಡಿಸಲು ಹೋದೆ, ಅವುಗಳಿಗೆ ಆಗಲೇ ಕುಡಿಸಿಯಾಗಿತ್ತು. ಇಶೂ ಮಾವ ಮೀಮೂನ್‌ಗೆ ಉಪ್ಪು ಕಟ್ಟತೊಡಗಿದ. ಒಬ್ಬ ಕುರುಬನಿಗೆ ವರ್ಷಕ್ಕೆ ಸಾಲುವಷ್ಟು ಕಟ್ಟಿದ.

ಬೆಳಗಿನ ಹೊತ್ತಿಗೆ ರೀಮ್ ಮೂರು ಸಲ ಕುಡಿದಿದ್ದಳು, ಮುಖಕ್ಕೆ ಬಣ್ಣ ಬಂದಿತ್ತು. ಝುಹೈರ್ ಮತ್ತು ಮಾವ ಹೇಸರಗತ್ತೆ ಹತ್ತಿ ಸಂತೆಯೂರಿಗೆ ಇಳಿದರು. ಡಬ್ಬಿ ಆರಿಸಲು ಒಬ್ಬ, ಹೊರಲು ಒಬ್ಬ. ಅಲ್ಲೇ ಉಳಿದು ಮರುದಿನ ಸಂಜೆಗೆ ವಾಪಸ್ಸು. ನಮ್ಮ ಪ್ರಯಾಣ ಅಲ್ಲಿಗೆ ನಿಂತಿತು. ಮುಂದಿನ ಘಟ್ಟ, ಅದರಾಚೆಯ ಹಸಿರು ಕೆರೆ ಯಾರಿಗೂ ಬೇಕಾಗಿರಲಿಲ್ಲ. ನಾನು ಮಾತು ದಾಟಿಸಲು ಉಳಿದೆ. ಬೆಳಗ್ಗೆ ಪೂರ್ತಿ ದಾಟಿಸುವಂಥ ಮಾತೇ ಇರಲಿಲ್ಲ, ಬಹೀಜಾ, ತೂಡಾ ಇಬ್ಬರೂ ಕೈಸನ್ನೆಯಲ್ಲೇ ಮುಗಿಸುತ್ತಿದ್ದರು.

ಬಹೀಜಾ ತೂಡಾಳನ್ನು ನೋಡುತ್ತಿದ್ದಳು. ನಾನು ಎಷ್ಟೋ ವರ್ಷದಿಂದ ಇಂಥ ಮನೆಗಳಲ್ಲಿ ಚಹಾ ಕುಡಿದಿದ್ದೇನೆ, ಹೀಗೆ ನೋಡಿರಲಿಲ್ಲ. ತೂಡಾ ರೀಮ್‌ಗೆ ಹಾಲು ಕೊಟ್ಟಳು, ಝಾಯಿದ್‌ಗೆ ಕೊಟ್ಟಳು, ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ನೀರಿಗೆ ಹೋದಳು, ರೊಟ್ಟಿ ಬಡಿದಳು, ಆಕಳ ಕೊಟ್ಟಿಗೆ ಬಳಿದಳು, ಮತ್ತೆ ಬಂದು ರೀಮ್‌ಗೆ ಕೊಟ್ಟಳು. ಎರಡನೆಯ ದಿನ ಮಧ್ಯಾಹ್ನ ಹಾಲು ಕೊಡುತ್ತಾ ಕೂತಲ್ಲೇ ಅವಳ ತಲೆ ವಾಲಿತು. ಗೋಡೆಗೆ ತಾಗಿ ಬೆಚ್ಚಿ ಎದ್ದು, ತಪ್ಪು ಮಾಡಿದವಳ ಹಾಗೆ ಅತ್ತೆಯ ಕಡೆ ನೋಡಿದಳು.

ಬಹೀಜಾ ನನ್ನನ್ನು ಕರೆದಳು. "ಇವಳು ಕೊನೇ ಸಲ ಸರಿಯಾಗಿ ನಿದ್ದೆ ಮಾಡಿದ್ದು ಯಾವಾಗ ಅಂತ ಕೇಳಿ."

ಕೇಳಿದೆ. ತೂಡಾ ನಕ್ಕಳು. "ಮದುವೆಗೆ ಮುಂಚೆ," ಅಂದಳು.

"ನನಗೆ ಹಾಲಿಲ್ಲ. ಕೈ ಇದೆ," ಅಂದಳು ಬಹೀಜಾ. "ಎರಡೂ ಮಕ್ಕಳನ್ನ ನಾನು ನೋಡ್ಕೋತೀನಿ, ಅವಳು ಹೋಗಿ ಮಲಗಲಿ ಅಂತ ಹೇಳಿ. ಅಜ್ಜಿಗೂ ಕೇಳೋ ಹಾಗೆ ಹೇಳಿ."

ಹೇಳಿದೆ.  ನಮ್ಮಲ್ಲಿ ಸೊಸೆ ಹಗಲು ಮಲಗಿದರೆ ಜ್ವರ ಬಂದಿರಬೇಕು, ಇಲ್ಲ ತವರಿಗೆ ಹೊರಟಿರಬೇಕು. ಯಾಮ್ನಾ ಉಣ್ಣೆ ಹಿಂಜುತ್ತಿದ್ದವಳು ಕೈ ನಿಲ್ಲಿಸಿದಳು.

"ಹಗಲು ನಿದ್ದೆ ಮಾಡಿದ್ರೆ ಹಾಲು ಕೆಡುತ್ತೆ," ಅಂದಳು.

"ನಿದ್ದೆ ಕೆಟ್ಟರೆ ಹಾಲು ಬತ್ತುತ್ತೆ," ಅಂದಳು ಬಹೀಜಾ, ನಾನು ದಾಟಿಸಿದ ಕೂಡಲೇ. "ನನ್ನದು ಬತ್ತಿದೆ. ನನಗೆ ಗೊತ್ತು. ಏಳು ದಿನ ಏಳು ರಾತ್ರಿ ನಾನು ಕಣ್ಣು ಮುಚ್ಚಿರ್ಲಿಲ್ಲ. ನನ್ನದೇ ತಪ್ಪು ಅಂತ ಇವತ್ತಿಗೂ ಅನಿಸುತ್ತೆ. ಅವಳಿಗೆ ಹಾಗಾಗೋದು ಬೇಡ."

ಇಷ್ಟು ಉದ್ದದ ಮಾತನ್ನು ನಾನು ಒಂದು ಅಕ್ಷರ ಬಿಡದೆ ದಾಟಿಸಿದೆ. ಯಾಮ್ನಾ ಉಣ್ಣೆಯನ್ನು ಬದಿಗಿಟ್ಟಳು. ಆಮೇಲೆ ಎದ್ದು, ಒಳಕೋಣೆಯಲ್ಲಿ ತನ್ನದೇ ಕಂಬಳಿ ಹಾಸಿ, ಹೊರಗೆ ಬಂದು ತೂಡಾಗೆ ಗಲ್ಲದಿಂದ ದಾರಿ ತೋರಿಸಿದಳು. ತೂಡಾ ಹೋದಳು. ಒಂದು ಚಹಾ ಕುದಿಯುವಷ್ಟರಲ್ಲಿ ಗೊರಕೆ ಕೇಳಿಸಿತು, ಅಷ್ಟು ಸಣ್ಣ ಹುಡುಗಿಗೆ ಅಷ್ಟು ದೊಡ್ಡ ಗೊರಕೆ.

ಬಹೀಜಾ ಅಂಗಳದ ಬಿಸಿಲಿನಲ್ಲಿ ಕಾಲು ಚಾಚಿ, ಒಂದೊಂದು ತೊಡೆಯ ಮೇಲೆ ಒಂದೊಂದು ಮಗು ಮಲಗಿಸಿಕೊಂಡು ಕೂತಳು. ಹೊಸ್ತಿಲಲ್ಲಿ ಯಾಮ್ನಾ ಕೋಲು ಅಡ್ಡ ಹಿಡಿದು ಕೂತಳು. ಪಕ್ಕದ ಮನೆಯವಳು ಜರಡಿ ಕೇಳಲು ಬಂದರೆ ಕೋಲೆತ್ತಿದಳು. ಕೋಳಿ ಕೂಗಿದರೆ ಕಲ್ಲೆಸೆದಳು. ಸಂಜೆಗೆ ಕೆಳಗಿನ ತಿರುವಿನಿಂದ ಇಶೂ ಮಾವ, "ಬಂದ್ವಿ, ಬಂದ್ವಿ, ಡಬ್ಬಿ ಸಿಕ್ತು," ಅಂತ ಕೂಗುತ್ತಾ ಬಂದ. ಯಾಮ್ನಾ ಎದ್ದು ನಿಂತು ಅವನ ಕಡೆಗೂ ಒಂದು ಕಲ್ಲೆಸೆದಳು.

"ಬಾಯಿ ಮುಚ್ಚೋ, ನನ್ನ ಸೊಸೆ ಮಲಗಿದ್ದಾಳೆ," ಅಂದಳು, ಪಿಸುಮಾತಿನಲ್ಲಿ.

ಅವನು ನಿಂತಲ್ಲೇ ನಿಂತ. ಝುಹೈರ್ ಬೂಟು ಕಳಚಿ ಕೈಯಲ್ಲಿ ಹಿಡಿದು ಅಂಗಳಕ್ಕೆ ಬಂದ. ಮಗಳು ನಿದ್ದೆಯಲ್ಲಿ ತುಟಿ ಆಡಿಸುತ್ತಿದ್ದಳು. ಅವನು ಹೆಂಡತಿಯ ಪಕ್ಕ ಕೂತು ಝಾಯಿದ್‌ನನ್ನು ಎತ್ತಿಕೊಂಡ. ನಾವೆಲ್ಲ ಹಾಗೇ ಕೂತೆವು, ಯಾರೂ ಚಹಾ ಕೂಡ ಕೇಳಲಿಲ್ಲ. ಈ ಘಟ್ಟಗಳಲ್ಲಿ ನಾನು ನಡೆದ ದಿನಗಳಿಗೆ ಲೆಕ್ಕವಿಲ್ಲ. ಅಷ್ಟು ಹಗುರಾಗಿ ಕೂತ ದಿನ ಇನ್ನೊಂದು ನೆನಪಿಗೆ ಬರುವುದಿಲ್ಲ.

ಬಿಸಿಲು ಎದುರು ಬೆಟ್ಟದ ನೆತ್ತಿಗೆ ಏರಿದಾಗ ಒಳಗೆ ದಡಬಡ ಸದ್ದಾಯಿತು. ತೂಡಾ ಕೂದಲು ಕೆದರಿಕೊಂಡು ಬರಿಗಾಲಲ್ಲಿ ಓಡಿ ಬಂದಳು. ಯಾರೂ ಎಬ್ಬಿಸಲಿಲ್ಲವೆಂದರೆ ಏನೋ ಆಗಿಹೋಗಿದೆ ಅಂದುಕೊಂಡಿದ್ದಳು ಪಾಪ. 

"ಮಗು?" ಅಂದಳು. "ಮಗು ಎಲ್ಲಿ?"

ಯಾಮ್ನಾ ಅವಳ ಸೆರಗು ಹಿಡಿದು ನಿಲ್ಲಿಸಿದಳು.

"ಎರಡೂ ಇಲ್ಲೇ ಇವೆ," ಅಂದಳು. "ಹೋಗು, ಇನ್ನೂ ಸ್ವಲ್ಪ ಮಲಕ್ಕೋ."